ಜೀವಕೋಶವೂ ಗಣಕಯಂತ್ರವೂ

ಶ್ರೀರಂಗಪಟ್ಟಣ ದ್ವೀಪದ ಪೂರ್ವ ಭಾಗದಲ್ಲಿ ಗಂಜಾಂ ಎಂಬ ಊರಿದೆ. ಕಾವೇರಿ ನದಿಯ ಎರಡು ಕವಲುಗಳು ದ್ವೀಪವನ್ನು ಬಳಸಿ ಹರಿದು, ಊರಿನಿಂದ ಮುಂದೆ ಸಂಗಮದಲ್ಲಿ ಒಂದಾಗುತ್ತವೆ. ಹಿಂದಿನಿಂದಲೂ ಈ ಊರು ಅಂಜೂರದ ಬೆಳೆಗೆ ಹೆಸರಾದುದು. ಅಲ್ಲಿನ ಅಂಜೂರದ ಗಿಡದ ಒಂದು ಎಲೆಯನ್ನು ಕೈಗೆತ್ತಿಕೊಂಡು ನೋಡಿದರೆ ಅದು ಸುಮ್ಮನೆ ಇರುವಂತೆ ಕಾಣುತ್ತದೆ. ಆದರೆ ಅದರೊಳಗೆ ಲೆಕ್ಕವಿಲ್ಲದಷ್ಟು ಜೀವಕೋಶಗಳಿವೆ. ಒಂದೊಂದು ಕೋಶದಲ್ಲಿಯೂ ಕ್ಷಣಕ್ಷಣಕ್ಕೂ ಸಾವಿರಾರು ಬಗೆಯ ರಾಸಾಯನಿಕ ಕ್ರಿಯೆಗಳು ನಡೆಯುತ್ತಿರುತ್ತವೆ. ಬಿಸಿಲಿನಿಂದ ಆಹಾರ ಸಿದ್ಧವಾಗುತ್ತದೆ. ಹಳೆಯ ಕಣಗಳು ಒಡೆದು ಹೊಸ ಕಣಗಳು ಹುಟ್ಟುತ್ತವೆ. ಇಷ್ಟೊಂದು ಕೆಲಸ ನಡೆದರೂ ಸದ್ದಿಲ್ಲ, ಹೊಗೆಯಿಲ್ಲ, ಮುಟ್ಟಿದರೆ ಕೈ ಸುಡುವುದೂ ಇಲ್ಲ.

ಜೀವಕೋಶದ ಈ ಕೆಲಸವನ್ನು ಅರಿಯಬೇಕೆಂಬುದು ವಿಜ್ಞಾನಿಗಳ ಬಹುಕಾಲದ ಆಸೆ. ಸೂಕ್ಷ್ಮದರ್ಶಕದಿಂದ ಕೋಶದ ಆಕಾರವನ್ನು ಕಾಣಬಹುದು. ಆದರೆ ಅದರೊಳಗಿನ ಪರಮಾಣುಗಳ ಒಂದೊಂದು ಚಲನೆಯನ್ನೂ ಕಣ್ಣಿಟ್ಟು ನೋಡುತ್ತಿರಲು ಸಾಧ್ಯವಿಲ್ಲ. ಆದ್ದರಿಂದ ಅವರು ಬೇರೊಂದು ದಾರಿಯನ್ನು ಹಿಡಿದರು. ಪರಮಾಣುಗಳು ಒಂದನ್ನೊಂದು ಯಾವ ನಿಯಮದಂತೆ ಸೆಳೆಯುತ್ತವೆ, ಯಾವ ನಿಯಮದಂತೆ ದೂಡುತ್ತವೆ ಎಂಬುದು ಭೌತಶಾಸ್ತ್ರದಿಂದ ತಿಳಿದಿದೆ. ಆ ನಿಯಮಗಳನ್ನು ಗಣಕಯಂತ್ರಕ್ಕೆ ಒಪ್ಪಿಸಿ, ಜೀವಕೋಶದ ವ್ಯಾಪಾರವನ್ನು ಲೆಕ್ಕದ ಮೂಲಕ ಮತ್ತೆ ನಡೆಸಿ ನೋಡುವುದೇ ಆ ದಾರಿ. ಇದಕ್ಕೆ ಜೀವಕ್ರಿಯೆಯ ಅನುಕರಣೆ ಎಂದು ಹೆಸರು.

ಜೀವಕೋಶದ ಮುಖ್ಯ ಕೆಲಸಗಾರರು ಪ್ರೋಟೀನುಗಳು. ಪ್ರೋಟೀನ್ ಎಂಬುದು ಅಮೈನೊ ಆಮ್ಲಗಳೆಂಬ ಕೊಂಡಿಗಳಿಂದಾದ ಒಂದು ಉದ್ದನೆಯ ಸರಪಳಿ. ಈ ಸರಪಳಿ ಮಡಿಚಿಕೊಂಡು ಒಂದು ನಿರ್ದಿಷ್ಟ ಆಕಾರವನ್ನು ತಾಳಿದಾಗ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಬೀಗಕ್ಕೆ ಬೀಗದಕೈ ಹೊಂದುವಂತೆ, ಪ್ರೋಟೀನಿನ ಸಂದಿಗೆ ಔಷಧದ ಕಣ ಹೊಂದಿಕೊಳ್ಳಬೇಕು. ಆದರೆ ಈ ಬೀಗ ಕಬ್ಬಿಣದ್ದಲ್ಲ. ಅದು ಸದಾ ನಡುಗುತ್ತ, ಬಾಗುತ್ತ, ತೆರೆಯುತ್ತ, ಮುಚ್ಚುತ್ತ ಇರುತ್ತದೆ. ಅದರ ಚಲನೆಯನ್ನು ತಿಳಿದವರು ರೋಗಕ್ಕೆ ಮದ್ದನ್ನು ಹುಡುಕುವ ಕೆಲಸದಲ್ಲಿ ಬಹುದೂರ ಸಾಗಬಲ್ಲರು.

ಪ್ರೋಟೀನಿನ ಆಕಾರವನ್ನು ಲೆಕ್ಕದಿಂದ ಕಂಡುಕೊಳ್ಳುವ ಈ ವಿದ್ಯೆಯ ಚರಿತ್ರೆಯಲ್ಲಿ ಭಾರತದ ಹೆಸರು ಮೊದಲ ಪುಟಗಳಲ್ಲಿಯೇ ಇದೆ. ಡಾ. ಜಿ. ಎನ್. ರಾಮಚಂದ್ರನ್ ಅವರು 1922ರಲ್ಲಿ ಎರ್ನಾಕುಲಂನಲ್ಲಿ ಜನಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ ಅವರ ಶಿಷ್ಯರಾಗಿ ಸಂಶೋಧನೆಯನ್ನು ಆರಂಭಿಸಿದರು. ಮುಂದೆ ಮದರಾಸು ವಿಶ್ವವಿದ್ಯಾನಿಲಯದಲ್ಲಿದ್ದಾಗ, ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಡನೆ ಸೇರಿ 1963ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಪ್ರೋಟೀನ್ ಸರಪಳಿಯ ಪ್ರತಿ ಕೊಂಡಿಯಲ್ಲಿಯೂ ಮುಖ್ಯವಾಗಿ ಎರಡು ತಿರುವುಗಳಿರುತ್ತವೆ. ಈ ಎರಡು ತಿರುವುಗಳ ಕೋನಗಳನ್ನು ಬದಲಿಸುತ್ತ ಹೋದರೆ ಅಸಂಖ್ಯ ಆಕಾರಗಳು ದೊರೆಯಬೇಕು. ಆದರೆ ಎರಡು ಪರಮಾಣುಗಳು ಒಂದು ಮಿತಿಗಿಂತ ಹತ್ತಿರಕ್ಕೆ ಬರಲಾರವು. ಈ ಒಂದು ನಿಯಮವನ್ನು ಹಿಡಿದು, ಯಾವ ಕೋನಗಳು ಸಾಧ್ಯ, ಯಾವುವು ಅಸಾಧ್ಯ ಎಂಬುದನ್ನು ಅವರು ಒಂದು ನಕ್ಷೆಯಲ್ಲಿ ಗುರುತಿಸಿದರು. ನಕ್ಷೆಯ ಬಹುಭಾಗ ಪ್ರೋಟೀನಿಗೆ ನಿಷಿದ್ಧವಾದ ಪ್ರದೇಶವೆಂದು ಇದರಿಂದ ತಿಳಿಯಿತು. ಈ ಕಾರ್ಯಕ್ಕೆ ಅವರ ಬಳಿ ಇದ್ದುದು ಮೇಜಿನ ಮೇಲಿಡುವ ಸಣ್ಣ ಲೆಕ್ಕಯಂತ್ರಗಳು. ಇಂದಿಗೂ ಜಗತ್ತಿನ ಯಾವ ಮೂಲೆಯಲ್ಲಿ ಹೊಸ ಪ್ರೋಟೀನಿನ ರಚನೆ ಪ್ರಕಟವಾದರೂ, ಅದು ಸರಿಯೋ ತಪ್ಪೋ ಎಂಬುದನ್ನು ಪರೀಕ್ಷಿಸಲು ‘ರಾಮಚಂದ್ರನ್ ನಕ್ಷೆ’ಯನ್ನು ಬಳಸುತ್ತಾರೆ. ರಾಮಚಂದ್ರನ್ ಅವರು 1970ರ ದಶಕದ ಆರಂಭದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಹಿಂದಿರುಗಿ, ಅಲ್ಲಿ ಅಣು ಜೀವಭೌತಶಾಸ್ತ್ರದ ವಿಭಾಗವನ್ನು ಕಟ್ಟಿ ಬೆಳೆಸಿದರು.

ರಾಮಚಂದ್ರನ್ ನಕ್ಷೆಯು ಪ್ರೋಟೀನು ತಾಳಬಹುದಾದ ಭಂಗಿಗಳನ್ನು ತಿಳಿಸಿತು. ಆದರೆ ಪ್ರೋಟೀನು ಒಂದು ಭಂಗಿಯಿಂದ ಇನ್ನೊಂದಕ್ಕೆ ಹೇಗೆ ಸಾಗುತ್ತದೆ ಎಂಬುದನ್ನು ಅರಿಯಲು ಗಣಕಯಂತ್ರವೇ ಬೇಕಾಯಿತು. 1977ರಲ್ಲಿ ಅಮೆರಿಕದ ಮೆಕ್ಯಾಮನ್, ಗೆಲಿನ್ ಮತ್ತು ಕಾರ್ಪ್ಲಸ್ ಎಂಬ ವಿಜ್ಞಾನಿಗಳು ಮೊದಲ ಬಾರಿಗೆ ಒಂದು ಪ್ರೋಟೀನಿನ ಚಲನೆಯನ್ನು ಗಣಕಯಂತ್ರದಲ್ಲಿ ಅನುಕರಿಸಿದರು. ಅದು ಹಸುವಿನ ಮೇದೋಜೀರಕ ಗ್ರಂಥಿಯಲ್ಲಿ ದೊರೆಯುವ ಚಿಕ್ಕ ಪ್ರೋಟೀನು. ಅದರಲ್ಲಿ 58 ಕೊಂಡಿಗಳು ಮಾತ್ರ. ಅವರು ಅನುಕರಿಸಿದ ಕಾಲಾವಧಿ 9.2 ಪಿಕೊಸೆಕೆಂಡು. ಒಂದು ಸೆಕೆಂಡನ್ನು ಒಂದು ಲಕ್ಷ ಕೋಟಿ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗವೇ ಪಿಕೊಸೆಕೆಂಡು. ಕಣ್ಣು ರೆಪ್ಪೆ ಬಡಿಯುವ ಕಾಲವೂ ಇದರ ಮುಂದೆ ಒಂದು ಯುಗವೇ ಸರಿ. ಆದರೂ ಆ ಲೆಕ್ಕ ಒಂದು ಹೊಸ ಶಾಸ್ತ್ರದ ಬಾಗಿಲನ್ನು ತೆರೆಯಿತು. ಇಂತಹ ಲೆಕ್ಕದ ವಿಧಾನಗಳನ್ನು ರೂಪಿಸಿದುದಕ್ಕಾಗಿ ಕಾರ್ಪ್ಲಸ್, ಲೆವಿಟ್ ಮತ್ತು ವಾರ್ಷೆಲ್ ಅವರಿಗೆ 2013ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು.

ಈ ಅನುಕರಣೆ ಏಕೆ ಇಷ್ಟು ಕಷ್ಟ? ಪರಮಾಣುಗಳು ಅತಿ ವೇಗವಾಗಿ ಕಂಪಿಸುತ್ತವೆ. ಆದ್ದರಿಂದ ಪಿಕೊಸೆಕೆಂಡನ್ನು ಮತ್ತೆ ಸಾವಿರ ಭಾಗ ಮಾಡಿ, ಅಷ್ಟು ಕಿರಿದಾದ ಹೆಜ್ಜೆಗಳನ್ನು ಇಡುತ್ತ ಲೆಕ್ಕ ಸಾಗಬೇಕು. ಪ್ರತಿ ಹೆಜ್ಜೆಯಲ್ಲಿಯೂ ಪ್ರೋಟೀನಿನ ಮತ್ತು ಅದರ ಸುತ್ತಲಿನ ನೀರಿನ ಸಾವಿರಾರು ಪರಮಾಣುಗಳ ಮೇಲೆ ಬೀಳುವ ಬಲವನ್ನು ಎಣಿಸಬೇಕು. ಎಣಿಸಿ, ಪ್ರತಿಯೊಂದನ್ನೂ ಹೊಸ ಸ್ಥಾನಕ್ಕೆ ಸರಿಸಬೇಕು. ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಕಾಲವನ್ನು ಅನುಕರಿಸಬೇಕಾದರೆ ಇಂತಹ ಒಂದು ಲಕ್ಷ ಕೋಟಿ ಹೆಜ್ಜೆಗಳು ಬೇಕು. ಒಂದೊಂದು ಹೆಜ್ಜೆಗೆ ತಗಲುವ ವಿದ್ಯುತ್ತು ಅಲ್ಪವಾದರೂ, ಹನಿಗೂಡಿ ಹಳ್ಳವಾಗುವಂತೆ ಒಟ್ಟು ವೆಚ್ಚ ಅಪಾರವಾಗುತ್ತದೆ.

ವಿದ್ಯುತ್ತಿನ ಈ ವೆಚ್ಚವನ್ನು ಅಳೆಯಲು ಕಾವೇರಿಯೇ ನಮಗೆ ಒಂದು ಅಳತೆಗೋಲನ್ನು ಕೊಡುತ್ತಾಳೆ. ಗಂಜಾಮಿನ ಸಂಗಮವನ್ನು ದಾಟಿದ ನೀರು ಮುಂದೆ ಶಿವನಸಮುದ್ರದಲ್ಲಿ ಧುಮುಕುತ್ತದೆ. ಅಲ್ಲಿನ ಜಲವಿದ್ಯುದಾಗಾರ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ, 1905ರಲ್ಲಿ ಬೆಂಗಳೂರು ನಗರಕ್ಕೂ ವಿದ್ಯುತ್ತನ್ನು ಒದಗಿಸಿತು. ಬೇಸಗೆಯಲ್ಲಿ ನೀರು ಕಡಿಮೆಯಾದಾಗ ಆ ಕೇಂದ್ರ ಸೊರಗದಿರಲಿ ಎಂಬುದೂ 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸವನ್ನು ಆರಂಭಿಸಲು ಒಂದು ಕಾರಣವಾಗಿತ್ತು. ಕಾಲಕ್ರಮದಲ್ಲಿ ಬೆಳೆದ ಶಿವನಸಮುದ್ರದ ಕೇಂದ್ರದ ಒಟ್ಟು ಸಾಮರ್ಥ್ಯ 42 ಮೆಗಾವ್ಯಾಟ್, ಎಂದರೆ ನಾಲ್ಕು ಕೋಟಿ ಇಪ್ಪತ್ತು ಲಕ್ಷ ವ್ಯಾಟ್.

ಈಗ ಜಪಾನಿನ ಒಂದು ಉದಾಹರಣೆಯನ್ನು ನೋಡೋಣ. ಅಲ್ಲಿನ ಕೋಬೆ ನಗರದಲ್ಲಿ ‘ಕೆ’ ಎಂಬ ಮಹಾಗಣಕವಿತ್ತು. 2013ರಲ್ಲಿ ಜಪಾನ್ ಮತ್ತು ಜರ್ಮನಿಯ ವಿಜ್ಞಾನಿಗಳು ಅದರಲ್ಲಿ 173 ಕೋಟಿ ನರಕೋಶಗಳ ಜಾಲವೊಂದನ್ನು ಸರಳಗೊಳಿಸಿ ಅನುಕರಿಸಿದರು. ಮಾನವನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಆದುದರಿಂದ ಆ ಜಾಲ ಮೆದುಳಿನ ನೂರರಲ್ಲಿ ಎರಡು ಪಾಲಿನಷ್ಟು ಮಾತ್ರ. ಆ ಜಾಲದ ಒಂದು ಸೆಕೆಂಡಿನ ಚಟುವಟಿಕೆಯನ್ನು ಎಣಿಸಲು 82,944 ಪ್ರೊಸೆಸರುಗಳು 40 ನಿಮಿಷ ದುಡಿದವು. ಪೂರ್ಣವಾಗಿ ದುಡಿಯುವಾಗ ‘ಕೆ’ ಯಂತ್ರಕ್ಕೆ ಸುಮಾರು 1 ಕೋಟಿ 26 ಲಕ್ಷ ವ್ಯಾಟ್ ವಿದ್ಯುತ್ತು ಬೇಕಾಗಿತ್ತು. ಇದು ಶಿವನಸಮುದ್ರದ ಒಟ್ಟು ಸಾಮರ್ಥ್ಯದ ಕಾಲುಭಾಗಕ್ಕಿಂತ ಹೆಚ್ಚು. 2019ರಲ್ಲಿ ಆ ಯಂತ್ರದ ಸೇವೆ ಮುಗಿಯಿತು.

ಇದರ ಎದುರಿಗೆ ನಮ್ಮ ಮೆದುಳನ್ನು ಇಟ್ಟು ನೋಡಬೇಕು. ಸುಮಾರು 1.4 ಕಿಲೋಗ್ರಾಂ ತೂಕದ ಈ ಅಂಗ ನೋಡುವುದು, ಕೇಳುವುದು, ನೆನೆಯುವುದು, ಕನಸು ಕಾಣುವುದು ಎಲ್ಲವನ್ನೂ ಸುಮಾರು 20 ವ್ಯಾಟ್ ಶಕ್ತಿಯಲ್ಲಿ ನಡೆಸುತ್ತದೆ. ಒಂದು ಇಡೀ ದಿನಕ್ಕೆ ಅದಕ್ಕೆ ಬೇಕಾದುದು ಅರ್ಧ ಯೂನಿಟ್ಟಿಗೂ ಕಡಿಮೆ. ‘ಕೆ’ ಯಂತ್ರ ಪೂರ್ಣವಾಗಿ ದುಡಿದರೆ 40 ನಿಮಿಷಗಳಲ್ಲಿ ಸುಮಾರು 8,400 ಯೂನಿಟ್ಟುಗಳನ್ನು ನುಂಗುತ್ತಿತ್ತು. ಅಷ್ಟು ಶಕ್ತಿಯಿಂದ ಒಬ್ಬ ಮನುಷ್ಯನ ಇಡೀ ಮೆದುಳು ಸುಮಾರು 48 ವರ್ಷ ಕೆಲಸ ಮಾಡಬಲ್ಲದು! ಮೆದುಳಿನ ಒಂದು ಸಣ್ಣ ಪಾಲಿನ ಒಂದು ಸೆಕೆಂಡಿಗೆ, ಇಡೀ ಮೆದುಳಿನ ಅರ್ಧ ಆಯುಷ್ಯದ ಶಕ್ತಿಯನ್ನು ತೆರಬೇಕಾಯಿತು. ಜೀವಕ್ಕೂ ಯಂತ್ರಕ್ಕೂ ಇರುವ ಅಂತರ ಇಲ್ಲಿ ಎದ್ದು ಕಾಣುತ್ತದೆ.

ಹಾಗಾದರೆ ಯಂತ್ರದಲ್ಲಿ ಅಷ್ಟೊಂದು ಶಕ್ತಿ ಎಲ್ಲಿ ವ್ಯಯವಾಗುತ್ತದೆ? ಲೆಕ್ಕ ಮಾಡುವುದಕ್ಕೆ ಎಂದು ಯಾರಾದರೂ ಊಹಿಸಬಹುದು. ಆದರೆ ನಿಜ ಸಂಗತಿ ಬೇರೆ. ಸಾಮಾನ್ಯ ಗಣಕಯಂತ್ರದಲ್ಲಿ ಸಂಖ್ಯೆಗಳನ್ನು ಕೂಡಿಡುವ ಸ್ಮೃತಿ ಘಟಕ ಒಂದು ಕಡೆ ಇರುತ್ತದೆ, ಲೆಕ್ಕ ಮಾಡುವ ಘಟಕ ಇನ್ನೊಂದು ಕಡೆ ಇರುತ್ತದೆ. ಪ್ರತಿ ಲೆಕ್ಕಕ್ಕೂ ಸಂಖ್ಯೆಗಳು ಅಲ್ಲಿಂದ ಇಲ್ಲಿಗೆ ಬರಬೇಕು, ಉತ್ತರ ಮತ್ತೆ ಅಲ್ಲಿಗೆ ಹೋಗಬೇಕು. ಎರಡು ಸಂಖ್ಯೆಗಳನ್ನು ಕೂಡಲು ಬೇಕಾಗುವ ಶಕ್ತಿಗಿಂತ, ಒಂದು ಸಂಖ್ಯೆಯನ್ನು ದೂರದ ಸ್ಮೃತಿಯಿಂದ ತರಲು ನೂರಾರು ಪಟ್ಟು ಹೆಚ್ಚು ಶಕ್ತಿ ಬೇಕು. ಕಾಲುವೆಯ ನೀರನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಶ್ರೀರಂಗಪಟ್ಟಣದ ದ್ವೀಪಕ್ಕೆ ಬಂಗಾರದೊಡ್ಡಿ ನಾಲೆಯ ನೀರು ನದಿಯ ಕವಲನ್ನು ಮೇಲುಗಾಲುವೆಯ ಮೂಲಕ ದಾಟಿ ಬರುತ್ತದೆ. ನೀರು ದೂರದಿಂದ ಬಂದಷ್ಟೂ ಇಂಗುವುದು, ಸೋರುವುದು, ಆವಿಯಾಗುವುದು ಹೆಚ್ಚು. ಪೈರು ಕುಡಿದ ನೀರಿಗಿಂತ ದಾರಿ ಕುಡಿದ ನೀರೇ ಹೆಚ್ಚಾಗುವುದೂ ಉಂಟು. ಗಣಕಯಂತ್ರದಲ್ಲಿ ವಿದ್ಯುತ್ತಿನ ಪಾಡೂ ಹೀಗೆಯೇ. ದಾರಿಯಲ್ಲಿ ವ್ಯಯವಾದ ಶಕ್ತಿ ಬಿಸಿಯಾಗಿ ಹೊರಬೀಳುತ್ತದೆ. ಆ ಬಿಸಿಯನ್ನು ತಣಿಸಲು ಮತ್ತಷ್ಟು ವಿದ್ಯುತ್ತು ಬೇಕು.

ಈ ವ್ಯಯವನ್ನು ತಗ್ಗಿಸಲು ವಿಜ್ಞಾನಿಗಳು ಮುಖ್ಯವಾಗಿ ಮೂರು ಮಾರ್ಗಗಳನ್ನು ಅನುಸರಿಸಿದ್ದಾರೆ. ಕೆಲಸಕ್ಕೆ ತಕ್ಕ ಉಪಕರಣವನ್ನು ಬಳಸುವುದು ಮೊದಲನೆಯದು. ಎಲ್ಲ ಕೆಲಸಕ್ಕೂ ಒದಗುವ ಮಚ್ಚು ಒಂದು ಕೆಲಸಕ್ಕೆಂದೇ ಮಾಡಿದ ಉಳಿಯಷ್ಟು ಚೊಕ್ಕವಾಗಿ ಕೆತ್ತಲಾರದು. ನ್ಯೂಯಾರ್ಕಿನ ಡಿ. ಇ. ಶಾ ಸಂಶೋಧನಾ ಸಂಸ್ಥೆಯವರು ಪರಮಾಣುಗಳ ಚಲನೆಯನ್ನು ಎಣಿಸುವುದಕ್ಕೆಂದೇ 512 ವಿಶೇಷ ಚಿಪ್ಪುಗಳ ಒಂದು ಯಂತ್ರವನ್ನು 2008ರಲ್ಲಿ ಸಿದ್ಧಗೊಳಿಸಿದರು. ಸೂಕ್ಷ್ಮಜೀವಿಗಳನ್ನು ಮೊದಲು ಕಂಡ ಆಂಟೊನಿ ವಾನ್ ಲೇವನ್‌ಹುಕ್ ಅವರ ನೆನಪಿಗಾಗಿ ಅದಕ್ಕೆ ‘ಆಂಟನ್’ ಎಂದು ಹೆಸರಿಟ್ಟರು. 1977ರಲ್ಲಿ ಅನುಕರಣೆಗೆ ಒಳಗಾದ ಆ 58 ಕೊಂಡಿಗಳ ಪ್ರೋಟೀನನ್ನೇ ಆಂಟನ್ ಯಂತ್ರ ಮತ್ತೆ ಎತ್ತಿಕೊಂಡಿತು. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಅದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಕಾಲವನ್ನು ಅನುಕರಿಸಿತ್ತು. ಮೂವತ್ತಮೂರು ವರ್ಷಗಳಲ್ಲಿ ಅನುಕರಣೆಯ ಅವಧಿ ಸುಮಾರು ಹತ್ತು ಕೋಟಿ ಪಟ್ಟು ಬೆಳೆದಂತಾಯಿತು.

ವಿಶೇಷ ಯಂತ್ರವನ್ನು ಕಟ್ಟಲು ಎಲ್ಲರಿಗೂ ಸಾಧ್ಯವಿಲ್ಲ. ಅಂತಹವರಿಗೆ ಚಿತ್ರಗಳನ್ನು ಮೂಡಿಸುವುದಕ್ಕಾಗಿ ಹುಟ್ಟಿದ ಗ್ರಾಫಿಕ್ಸ್ ಪ್ರೊಸೆಸರುಗಳು ನೆರವಾಗಿವೆ. ನೂರಾರು ಕೂಲಿಗಳು ಒಂದೇ ಗದ್ದೆಯಲ್ಲಿ ಸಾಲಾಗಿ ನಿಂತು ನಾಟಿ ಮಾಡುವಂತೆ, ಇವು ಒಂದೇ ಬಗೆಯ ಸಾವಿರಾರು ಲೆಕ್ಕಗಳನ್ನು ಏಕಕಾಲದಲ್ಲಿ ಮಾಡುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯ ದೇವರಾಜನ್ ಶ್ರೀಧರನ್ ಮತ್ತು ಸಂಗಡಿಗರು ಮೆದುಳಿನ ಭಾಗಗಳ ನಡುವಣ ಸಂಪರ್ಕಗಳನ್ನು ಚಿತ್ರಗಳಿಂದ ಗುರುತಿಸುವ ಲೆಕ್ಕಕ್ಕೆ ಈ ಪ್ರೊಸೆಸರುಗಳನ್ನು ಬಳಸಿದರು. 2022ರಲ್ಲಿ ಪ್ರಕಟವಾದ ಅವರ ವಿಧಾನ ಹಿಂದಿನ ವಿಧಾನಕ್ಕಿಂತ 150 ಪಟ್ಟಿಗೂ ಹೆಚ್ಚು ವೇಗವುಳ್ಳದ್ದು. ಗಂಟೆಗಳು, ದಿನಗಳು ಹಿಡಿಯುತ್ತಿದ್ದ ಕೆಲಸ ಸೆಕೆಂಡುಗಳಲ್ಲಿ ಇಲ್ಲವೆ ನಿಮಿಷಗಳಲ್ಲಿ ಮುಗಿಯುವಂತಾಯಿತು.

ಎರಡನೆಯ ಮಾರ್ಗ ಅಗತ್ಯ ಬಿದ್ದಾಗ ಮಾತ್ರ ದುಡಿಯುವುದು. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಕೆರೆಯ ನೀರನ್ನು ಹಂಚಲು ನೀರುಗಂಟಿ ಎಂಬುವನಿರುತ್ತಿದ್ದನು. ಅವನು ಎಲ್ಲ ಗದ್ದೆಗಳಿಗೂ ಸದಾ ನೀರು ಹಾಯಿಸುತ್ತಿರಲಿಲ್ಲ. ಯಾವ ಗದ್ದೆಯ ಸರದಿಯೋ ಅಲ್ಲಿಗೆ ಮಾತ್ರ ನೀರು ಬಿಟ್ಟು, ಕೆಲಸ ಮುಗಿದೊಡನೆ ತೂಬನ್ನು ಮುಚ್ಚುತ್ತಿದ್ದನು. ಮೆದುಳಿನ ನರಕೋಶಗಳ ರೀತಿಯೂ ಇದೇ. ಹೇಳುವ ಸಂಗತಿ ಇದ್ದಾಗ ನರಕೋಶ ಒಂದು ಸಣ್ಣ ಮಿಡಿತವನ್ನು ಕಳುಹಿಸುತ್ತದೆ. ಉಳಿದ ಸಮಯದಲ್ಲಿ ಮೌನವಾಗಿರುತ್ತದೆ. ಈ ತತ್ತ್ವವನ್ನು ಅನುಸರಿಸಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಸ್ಟೀವ್ ಫರ್ಬರ್ ಅವರ ನೇತೃತ್ವದಲ್ಲಿ ‘ಸ್ಪಿನೇಕರ್’ ಎಂಬ ಯಂತ್ರವನ್ನು ಕಟ್ಟಲಾಯಿತು. ಕಡಿಮೆ ವಿದ್ಯುತ್ತಿನಲ್ಲಿ ನಡೆಯುವ ಹತ್ತು ಲಕ್ಷ ಸಣ್ಣ ಪ್ರೊಸೆಸರುಗಳೊಡನೆ 2018ರಲ್ಲಿ ಅದು ಕೆಲಸಕ್ಕೆ ತೊಡಗಿತು. ನರಕೋಶಗಳಂತೆ ಇವು ಪರಸ್ಪರ ಸಣ್ಣ ಸಣ್ಣ ಸಂದೇಶಗಳನ್ನು ಕಳುಹಿಸಿಕೊಳ್ಳುತ್ತವೆ.

ಮೂರನೆಯ ಮಾರ್ಗ ಎಲ್ಲಕ್ಕಿಂತ ಸ್ವಾರಸ್ಯವಾದುದು. ಸಂಖ್ಯೆಗಳು ಇರುವಲ್ಲಿಯೇ ಲೆಕ್ಕವೂ ನಡೆದುಹೋಗಲಿ ಎಂಬುದು ಇದರ ಸೂತ್ರ. ಸಂಗಮದಲ್ಲಿ ಕಾವೇರಿಯ ಎರಡು ಕವಲುಗಳು ಕೂಡುತ್ತವೆ. ಅಲ್ಲಿ ಕುಳಿತು ನೀರನ್ನು ಅಳೆದು ಕೂಡಿಸುವವರು ಯಾರೂ ಇಲ್ಲ. ಆದರೂ ಮುಂದೆ ಹರಿಯುವ ನೀರು ಎರಡು ಕವಲುಗಳ ಮೊತ್ತವೇ ಆಗಿರುತ್ತದೆ. ಕೂಡುವಿಕೆ ಅಲ್ಲಿ ಹರಿವಿನಿಂದಲೇ ಆಗಿಹೋಗುತ್ತದೆ. ತಂತಿಗಳಲ್ಲಿ ಹರಿಯುವ ವಿದ್ಯುತ್ ಪ್ರವಾಹದ ಗುಣವೂ ಹೀಗೆಯೇ. ಎರಡು ತಂತಿಗಳು ಕೂಡುವಲ್ಲಿ ಪ್ರವಾಹಗಳು ತಾವಾಗಿಯೇ ಕೂಡಿಕೊಳ್ಳುತ್ತವೆ. ಇನ್ನು ತೂಬನ್ನು ಎಷ್ಟು ತೆರೆದರೆ ಅಷ್ಟು ನೀರು ಹರಿಯುವಂತೆ, ತಂತಿಯ ದಾರಿಯಲ್ಲಿ ಕುಳಿತ ಒಂದು ಸಣ್ಣ ವಸ್ತು ಪ್ರವಾಹವನ್ನು ಹೆಚ್ಚು ಕಡಿಮೆ ಮಾಡಿದರೆ ಗುಣಾಕಾರವೂ ಆದಂತಾಯಿತು. ಆ ವಸ್ತು ತಾನು ಎಷ್ಟು ತೆರೆದುಕೊಂಡಿದ್ದೆನೆಂಬುದನ್ನು ನೆನಪಿಟ್ಟುಕೊಳ್ಳುವುದಾದರೆ ಅದೇ ಸ್ಮೃತಿಯೂ ಹೌದು, ಅದೇ ಲೆಕ್ಕದ ಘಟಕವೂ ಹೌದು. ಇಂತಹ ಸಾಧನಕ್ಕೆ ಮೆಮ್‌ರಿಸ್ಟರ್ ಎಂದು ಹೆಸರು.

ಈ ಕ್ಷೇತ್ರದಲ್ಲಿಯೂ ಬೆಂಗಳೂರಿನಲ್ಲಿ ಗಮನಾರ್ಹವಾದ ಕಾರ್ಯ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಶ್ರೀತೋಷ್ ಗೋಸ್ವಾಮಿ ಮತ್ತು ಸಂಗಡಿಗರು ಅಣುಗಳ ತೆಳುವಾದ ಪೊರೆಯಿಂದ ಒಂದು ಮೆಮ್‌ರಿಸ್ಟರನ್ನು ರಚಿಸಿದ ಸಂಗತಿ 2024ರ ಸೆಪ್ಟೆಂಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಾಮಾನ್ಯ ಚಿಪ್ಪಿನ ಒಂದು ಸ್ವಿಚ್ಚಿಗೆ ಇರುವುದು ಎರಡೇ ಸ್ಥಿತಿಗಳು: ಒಂದು ತೆರೆದದ್ದು, ಇನ್ನೊಂದು ಮುಚ್ಚಿದ್ದು. ಈ ಪೊರೆ ಸುಮಾರು 16,500 ಬೇರೆ ಬೇರೆ ಸ್ಥಿತಿಗಳಲ್ಲಿ ನಿಲ್ಲಬಲ್ಲದು. ದೂರದರ್ಶಕವೊಂದು ಕಳುಹಿಸಿದ ಆಕಾಶದ ಚಿತ್ರವನ್ನು ಮೇಜಿನ ಮೇಲಿನ ಒಂದು ಗಣಕದಲ್ಲಿ ಈ ಸಾಧನದಿಂದ ಮರುರಚಿಸಿ ಅವರು ಅದರ ಶಕ್ತಿಯನ್ನು ತೋರಿಸಿದರು. ಅದೇ ಸಂಸ್ಥೆಯ ಚೇತನ್ ಸಿಂಗ್ ಠಾಕೂರ್ ಮತ್ತು ಸಂಗಡಿಗರು ‘ಆರ್ಯಭಟ’ ಎಂಬ ಹೆಸರಿನ ಚಿಪ್ಪಿನ ಮಾದರಿಯನ್ನು ರೂಪಿಸಿದುದು 2022ರಲ್ಲಿ ಪ್ರಕಟವಾಯಿತು. ಇದು ಸಹ ಸೊನ್ನೆ-ಒಂದುಗಳ ಬದಲು ಏರಿಳಿಯುವ ಪ್ರವಾಹದಿಂದ ಲೆಕ್ಕ ಮಾಡುವಂತಹುದು. ಇವು ಜೀವಕ್ರಿಯೆಯ ಅನುಕರಣೆಗೆಂದೇ ಹುಟ್ಟಿದವಲ್ಲ. ಆದರೆ ಸಾಲುಸಾಲು ಸಂಖ್ಯೆಗಳನ್ನು ಗುಣಿಸಿ ಕೂಡುವುದು ನರಕೋಶಗಳ ಜಾಲವನ್ನು ಅನುಕರಿಸುವುದಕ್ಕೂ ಬೇಕಾದ ಮೂಲ ಲೆಕ್ಕ. ಆದ್ದರಿಂದ ಇಂತಹ ಸಾಧನಗಳ ಬೆಳವಣಿಗೆ ಜೀವವಿಜ್ಞಾನಕ್ಕೂ ಭರವಸೆಯನ್ನು ತಂದಿದೆ.

ಆದರೆ ಒಂದೊಂದು ಮಾರ್ಗಕ್ಕೂ ಅದರದೇ ಆದ ಇತಿಮಿತಿಗಳುಂಟು. ಒಂದೇ ಕೆಲಸಕ್ಕೆ ಕಟ್ಟಿದ ಯಂತ್ರ ಬೇರೆ ಕೆಲಸಕ್ಕೆ ಒದಗುವುದಿಲ್ಲ. ಹರಿವಿನಿಂದ ಲೆಕ್ಕ ಮಾಡುವ ಸಾಧನದಲ್ಲಿ ಸಣ್ಣಪುಟ್ಟ ತಪ್ಪುಗಳು ನುಸುಳಬಹುದು. ನೂರಾರು ಕೋಟಿ ಬಾರಿ ಹೆಜ್ಜೆ ಇಡುವ ಲೆಕ್ಕದಲ್ಲಿ ಮೊದಲ ಹೆಜ್ಜೆಯ ಸಣ್ಣ ತಪ್ಪು ಕೊನೆಯಲ್ಲಿ ದೊಡ್ಡದಾಗಬಹುದು. ಇನ್ನೂ ಒಂದು ಎಚ್ಚರಿಕೆ ಬೇಕು. 1946ರಲ್ಲಿ ಅಮೆರಿಕದಲ್ಲಿ ಸಿದ್ಧವಾದ ‘ಎನಿಯಾಕ್’ ಗಣಕ ಸುಮಾರು 18,000 ನಿರ್ವಾತ ನಳಿಕೆಗಳನ್ನು ಹೊಂದಿ, ಸುಮಾರು ಒಂದೂವರೆ ಲಕ್ಷ ವ್ಯಾಟ್ ವಿದ್ಯುತ್ತನ್ನು ಬಳಸುತ್ತಿತ್ತು. ಇಂದು ಅಂಗೈಯಲ್ಲಿ ಹಿಡಿಯುವ ದೂರವಾಣಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಲೆಕ್ಕವನ್ನು ಕೆಲವೇ ವ್ಯಾಟ್‌ಗಳಲ್ಲಿ ಮಾಡುತ್ತದೆ. ಆದರೂ ಜಗತ್ತಿನ ಗಣಕಗಳ ಒಟ್ಟು ವಿದ್ಯುತ್ ವೆಚ್ಚ ತಗ್ಗಲಿಲ್ಲ, ಹೆಚ್ಚುತ್ತಲೇ ಇದೆ. ಲೆಕ್ಕ ಅಗ್ಗವಾದಂತೆ ಮನುಷ್ಯನು ಹೆಚ್ಚು ಹೆಚ್ಚು ಲೆಕ್ಕಗಳನ್ನು ಹೂಡಿದನು. ಯಂತ್ರ ಮಿತವ್ಯಯಿಯಾದರೆ ಸಾಲದು, ಅದನ್ನು ನಡೆಸುವವನೂ ಮಿತವ್ಯಯಿಯಾಗಬೇಕು.

ಈ ಮಿತವ್ಯಯ ಕೇವಲ ಹಣದ ಪ್ರಶ್ನೆಯಲ್ಲ. ಯಾವ ರೋಗವನ್ನು ಅಭ್ಯಸಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಲೆಕ್ಕದ ವೆಚ್ಚವೂ ನಿರ್ಧರಿಸುತ್ತದೆ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೆಯ ಒಂದು ಭಾಗದಷ್ಟು ಮಂದಿ ಭಾರತದಲ್ಲಿದ್ದಾರೆ. ಕ್ಷಯದ ರೋಗಾಣು ಕೆಲವು ಔಷಧಗಳಿಗೆ ಮಣಿಯದಂತೆ ಬದಲಾಗಿದೆ. ಅದರ ಪ್ರೋಟೀನುಗಳು ಹೇಗೆ ಬದಲಾದುವು, ಅವುಗಳ ಸಂದಿಗೆ ಹೊಂದುವ ಹೊಸ ಮದ್ದು ಯಾವುದು ಎಂಬುದನ್ನು ಅರಿಯಲು ಇಂತಹ ಅನುಕರಣೆಗಳು ನೆರವಾಗುತ್ತವೆ. ಅನುಕರಣೆ ದುಬಾರಿಯಾದರೆ ಅದು ಸಿರಿವಂತ ದೇಶಗಳ ಸೊತ್ತಾಗಿ ಉಳಿಯುತ್ತದೆ. ಬಡವರ ರೋಗಗಳು ಸರದಿಯ ಕೊನೆಯಲ್ಲಿ ನಿಲ್ಲುತ್ತವೆ. ಭಾರತ ಸರ್ಕಾರ 2015ರಲ್ಲಿ ರಾಷ್ಟ್ರೀಯ ಮಹಾಗಣಕ ಯೋಜನೆಯನ್ನು ಕೈಗೊಂಡಿತು. ಅದರ ಅಂಗವಾಗಿ 2022ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಪರಮ ಪ್ರವೇಗ’ ಎಂಬ ಮಹಾಗಣಕ ಸ್ಥಾಪಿತವಾಯಿತು. ಅದು ಸೆಕೆಂಡಿಗೆ ಮೂವತ್ತಮೂರು ಕೋಟಿ ಕೋಟಿಯಷ್ಟು ಲೆಕ್ಕಗಳನ್ನು ಮಾಡುವ ಸಾಮರ್ಥ್ಯವುಳ್ಳದ್ದು. ಇಂತಹ ಯಂತ್ರದ ಪ್ರತಿ ಯೂನಿಟ್ ವಿದ್ಯುತ್ತಿನ ಹಿಂದೆಯೂ ಒಂದು ನದಿಯ ನೀರೋ, ಒಂದು ಗಣಿಯ ಕಲ್ಲಿದ್ದಲೋ, ಗಾಳಿಯೋ, ಬಿಸಿಲೋ ಇದ್ದೇ ಇರುತ್ತದೆ. ಅದೇ ವಿದ್ಯುತ್ತು ರೈತನ ಪಂಪಿಗೂ ಬೇಕು, ಆಸ್ಪತ್ರೆಯ ದೀಪಕ್ಕೂ ಬೇಕು. ಆದುದರಿಂದ ಕಡಿಮೆ ಶಕ್ತಿಯಲ್ಲಿ ಹೆಚ್ಚು ಲೆಕ್ಕ ಮಾಡುವ ಯಂತ್ರವನ್ನು ಕಟ್ಟುವುದು ಜನಹಿತದ ಕೆಲಸವೇ ಆಗಿದೆ.

ಯಂತ್ರವನ್ನು ಹಿರಿದಾಗಿಸುವುದೊಂದೇ ಜ್ಞಾನಕ್ಕೆ ದಾರಿಯಲ್ಲ ಎಂಬುದನ್ನು 1963ರ ಆ ನಕ್ಷೆ ತೋರಿಸಿಕೊಟ್ಟಿದೆ. ಸಾಧ್ಯವಾದುದನ್ನೆಲ್ಲ ಎಣಿಸುವ ಮೊದಲು ಅಸಾಧ್ಯವಾದುದನ್ನು ವಿಚಾರದಿಂದ ತಳ್ಳಿಹಾಕಿದರೆ, ಅಷ್ಟು ಲೆಕ್ಕವೂ ಅಷ್ಟು ಶಕ್ತಿಯೂ ಉಳಿದಂತೆಯೇ. ಬೇಡದ ಲೆಕ್ಕವನ್ನು ಬಿಡುವುದು, ಬೇಕಾದ ಲೆಕ್ಕವನ್ನು ಅದರ ನೆಲೆಯಲ್ಲಿಯೇ ಮಾಡುವುದು, ಕೆಲಸವಿಲ್ಲದಾಗ ಮೌನವಾಗಿರುವುದು ಇವು ಒಳ್ಳೆಯ ಯಂತ್ರದ ಲಕ್ಷಣಗಳು. ಈ ಲಕ್ಷಣಗಳನ್ನು ವಿಜ್ಞಾನಿಗಳು ಕಲಿತದ್ದು ಬಹುಮಟ್ಟಿಗೆ ನಮ್ಮ ತಲೆಯೊಳಗಿನ 20 ವ್ಯಾಟಿನ ಮೆದುಳಿನಿಂದಲೇ. ಜೀವವನ್ನು ಅರಿಯಲು ಹೊರಟ ಗಣಕಯಂತ್ರ ಕೊನೆಗೆ ಜೀವಕ್ಕೇ ಶಿಷ್ಯನಾಗಬೇಕಾಗಿ ಬಂದಿದೆ. ಆ ಶಿಷ್ಯವೃತ್ತಿ ಈಗಷ್ಟೇ ಆರಂಭವಾಗಿದೆ. ಅದನ್ನು ಮುಂದುವರಿಸುವ ಹೊಣೆ ಇಂದಿನ ವಿದ್ಯಾರ್ಥಿಗಳದು.

ಅಭ್ಯಾಸ

1. ಜೀವಕ್ರಿಯೆಯ ಅನುಕರಣೆ ಎಂದರೇನು? ಅದರ ಅಗತ್ಯವೇನು?
2. ರಾಮಚಂದ್ರನ್ ನಕ್ಷೆಯಿಂದ ತಿಳಿದುಬಂದ ಸಂಗತಿ ಯಾವುದು? ಅದು ಮಿತವ್ಯಯಕ್ಕೆ ಹೇಗೆ ನಿದರ್ಶನವಾಗಿದೆ?
3. ಗಣಕಯಂತ್ರದಲ್ಲಿ ಶಕ್ತಿಯ ವ್ಯಯವನ್ನು ಲೇಖಕರು ಕಾಲುವೆಯ ನೀರಿಗೆ ಹೋಲಿಸಲು ಕಾರಣವೇನು?
4. ನರಕೋಶಕ್ಕೂ ನೀರುಗಂಟಿಗೂ ಇರುವ ಸಾಮ್ಯವನ್ನು ವಿವರಿಸಿರಿ.
5. ‘ಕೆ’ ಯಂತ್ರವು 40 ನಿಮಿಷಗಳಲ್ಲಿ ಬಳಸುವ ವಿದ್ಯುತ್ತಿನಿಂದ ಮಾನವನ ಮೆದುಳು ಸುಮಾರು 48 ವರ್ಷ ದುಡಿಯಬಲ್ಲದು ಎಂಬುದನ್ನು ಲೆಕ್ಕ ಮಾಡಿ ತೋರಿಸಿರಿ.
6. ‘ಯಂತ್ರ ಮಿತವ್ಯಯಿಯಾದರೆ ಸಾಲದು, ಅದನ್ನು ನಡೆಸುವವನೂ ಮಿತವ್ಯಯಿಯಾಗಬೇಕು.’ ಈ ಮಾತನ್ನು ನಿಮ್ಮ ಅನುಭವದ ಉದಾಹರಣೆಗಳೊಡನೆ ಸಮರ್ಥಿಸಿರಿ.